ಕನಸಣ್ಣನ ಬೆಳಗಿನ ಜಾವ

ಬೀರೂರು ಕಡೆಯಿಂದ ಬಂದ ಹಳಿ ಒಂದು ದಾವಣಗೆರೆಗೆ, ಇನ್ನೊಂದು ಚಿತ್ರದುರ್ಗಕ್ಕೆ ಕವಲೊಡೆಯುವ ಜಂಕ್ಷನ್ನು ನಮ್ಮ ಚಿಕ್ಕಜಾಜೂರು. ಇಲ್ಲಿ ರೈಲು ತಡವಾಗಿ ಬಂದೀತು, ಕನಸಣ್ಣ ತಡ ಮಾಡುವವರಲ್ಲ. ಬೆಳಗ್ಗೆ ಆರೂವರೆಗೆ ಸ್ಟೇಷನ್ ರಸ್ತೆಯ ಟೀ ಅಂಗಡಿ ಬೆಂಚಿನ ಮೇಲೆ ಹಾಜರು. ಹೆಗಲಲ್ಲಿ ಟವೆಲ್ಲು, ಹಣೆಯಲ್ಲಿ ವಿಭೂತಿ, ಮುಖದಲ್ಲಿ ರಾತ್ರಿಯಿಡೀ ಊರೂರು ಸುತ್ತಿ ಬಂದವರ ಆಯಾಸ. ಟೀ ಮುಂದಿಟ್ಟರೂ ಲೋಟ ಮುಟ್ಟುವುದಿಲ್ಲ. ಒಂದು ನಿಟ್ಟುಸಿರು ಬಿಡುತ್ತಾರೆ. ಯಾರೂ ಕೇಳದಿದ್ದರೆ ಇನ್ನೊಂದು. ಮೂರನೆಯದಕ್ಕೆ ಅಂಗಡಿಯವನೇ ಸೋತು, "ಏನಣ್ಣ, ರಾತ್ರಿ ಏನು ಬಿತ್ತು?" ಅನ್ನಬೇಕು.

ರೇಷನ್ ಕಾರ್ಡಿನಲ್ಲಿ ಅವರಿಗೆ ಬೇರೆ ಹೆಸರಿದೆ. ಅದು ಗೊತ್ತಿರುವುದು ರೇಷನ್ ಅಂಗಡಿಯವರಿಗೆ ಮಾತ್ರ.

"ಬೆಳಗಿನ ಜಾವ ಕಣಪ್ಪ" ಎಂದು ಶುರು ಮಾಡುತ್ತಾರೆ. ಅವರ ಕನಸುಗಳೆಲ್ಲ ಬೆಳಗಿನ ಜಾವದವೇ. ಮೊದಲ ಜಾವದ ಕನಸಿನ ಫಲಕ್ಕೆ ವರ್ಷ ಕಾಯಬೇಕು, ಎರಡನೆಯದಕ್ಕೆ ಆರು ತಿಂಗಳು, ಮೂರನೆಯದಕ್ಕೆ ಮೂರು ತಿಂಗಳು ಅನ್ನುವುದು ಹಳಬರ ಲೆಕ್ಕ. ಅಷ್ಟು ದಿನ ಯಾರು ಕಾಯುತ್ತಾರೆ? "ದುರ್ಗದ ಕೋಟೆ. ಮದಕರಿ ನಾಯಕ್ರು ನಿಂತವ್ರೆ. ಟೀ ಎಲ್ಲಿ ಅಂತ ಗುಡುಗಿದ್ರು ನೋಡು. ತಿರುಗಿ ನೋಡ್ತೀನಿ, ನೀನು ಕೆಟ್ಲು ಹಿಡ್ಕಂಡು ಏಳು ಸುತ್ತೂ ಹತ್ತಿ ಬರ್ತಾ ಇದೀಯ!" ಟೀ ಅಂಗಡಿಯವನ ಬೆನ್ನು ನೆಟ್ಟಗಾಗುತ್ತದೆ. ಆವತ್ತಿನ ಟೀ ಖಾತೆಗೆ ಏರುವುದಿಲ್ಲ.

ಎಂಟು ಗಂಟೆಗೆ ಕ್ಷೌರದ ಅಂಗಡಿ. ಅಲ್ಲಿ ಅದೇ ಕೋಟೆ, ಅದೇ ನಾಯಕರು, ಟೀ ಮಾತ್ರ ಇಲ್ಲ. ನಾಯಕರ ಮೀಸೆಗೆ ಕತ್ತರಿ ಆಡಿಸುತ್ತಿರುವವನು ಈ ಅಂಗಡಿಯ ಹುಡುಗನೇ. ಹತ್ತೂವರೆಗೆ ಸೊಸೈಟಿಯಲ್ಲಿ ಆ ನಾಯಕರೇ ಎದ್ದು ನಿಂತು ಸೆಕ್ರೆಟರಿಗೆ ಕೈ ಮುಗಿದು, "ಈ ವರ್ಷ ಬಡ್ಡಿ ಬಿಡಿ" ಎಂದು ಕೇಳಿಕೊಂಡಿರುತ್ತಾರೆ. 1779ರಲ್ಲಿ ಹೈದರಾಲಿಯ ಕೈಗೆ ಹೋದ ದುರ್ಗ ಕನಸಣ್ಣನ ಕನಸಿನಲ್ಲಿ ಇನ್ನೂ ಹೋಗಿಲ್ಲ. ಹೋಗುವುದೂ ಇಲ್ಲ, ಸೊಸೈಟಿಯಲ್ಲಿ ಅವರ ಸಾಲ ಬಾಕಿ ಇರುವ ತನಕ.

ಬೇರೆಯವರ ಕನಸು ಕೇಳುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ, ಅದರಲ್ಲಿ ನಾವಿಲ್ಲದಿದ್ದರೆ. ಕನಸಣ್ಣನ ವಿದ್ಯೆಯೆಲ್ಲ ಇಷ್ಟೇ. ಅವರು ಯಾರನ್ನೂ ಹೊರಗಿಡುವುದಿಲ್ಲ.

ಶಾಸ್ತ್ರದಲ್ಲೂ ಅವರು ಗಟ್ಟಿ. ಜಾತ್ರೆಯಲ್ಲಿ ಕೊಂಡ ಸ್ವಪ್ನಫಲದ ಪುಸ್ತಕವೊಂದು ಅವರ ಹತ್ತಿರ ಇದೆ. ಕನಸಲ್ಲಿ ಸತ್ತರೆ ಆಯಸ್ಸು ಗಟ್ಟಿ, ಮದುವೆ ಕಂಡರೆ ಕೇಡು, ಹಲ್ಲು ಬಿದ್ದರೆ ಮನೆಯಲ್ಲಿ ಹಿರಿಯರಿಗೆ ಕಷ್ಟ, ಹೊಲಸು ತುಳಿದರೆ ದುಡ್ಡು. ಹಾವಿನ ಪುಟ ಮಾತ್ರ ಹರಿದುಹೋಗಿದೆ. ಆ ಜಾಗವನ್ನು ಕನಸಣ್ಣ ಸ್ವಂತ ಸಂಶೋಧನೆಯಿಂದ ತುಂಬಿದ್ದಾರೆ: ಹಾವು ಹೆಡೆ ಎತ್ತಿದರೆ ಭೀಮಸಮುದ್ರದಲ್ಲಿ ರಾಶಿ ಅಡಿಕೆಯ ರೇಟು ಏರುತ್ತದೆ, ಹರಿದು ಹೋದರೆ ಇಳಿಯುತ್ತದೆ, ಸುರುಳಿ ಸುತ್ತಿ ಮಲಗಿದ್ದರೆ "ಈಗ್ಲೇ ಮಾರಬ್ಯಾಡ, ಇಟ್ಕ" ಅಂತ ಅರ್ಥ.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, ಊರೂರಿನ ಜನ ಗಾಡಿ ಕಟ್ಟಿಕೊಂಡು ನೋಡಲು ಓಡಿದರು. ಕನಸಣ್ಣ ಬೆಂಚು ಬಿಟ್ಟು ಏಳಲಿಲ್ಲ. "ನಾನು ಹೋದ ತಿಂಗ್ಳೇ ನೋಡಿದೀನಿ." ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ? "ಒಳ್ಳೆ ಕನಸು ಬಾಯಿಬಿಟ್ರೆ ಫಲ ಕೆಡ್ತದೆ. ಹಿರಿಯೂರಿನೋರು ಹಾಳಾಗ್ಲಿ ಅಂತೀಯ?" ಕೆಟ್ಟ ಕನಸಾದರೂ ಹೇಳಬಹುದಿತ್ತಲ್ಲ ಎಂದರೆ, ಅದನ್ನು ಹರಿಯುವ ನೀರಿಗೆ ಮಾತ್ರ ಹೇಳಬೇಕಂತೆ. ಚಿಕ್ಕಜಾಜೂರಿನಲ್ಲಿ ಬೇಸಿಗೆಯಲ್ಲಿ ಹರಿಯುವ ನೀರೆಂದರೆ ತೋಟಕ್ಕೆ ಹೊರಟ ಟ್ಯಾಂಕರಿನಿಂದ ಸೋರುವುದು ಒಂದೇ.

ಟ್ಯಾಂಕರೆಂದರೆ 2024ರ ಬೇಸಿಗೆ ನೆನಪಾಗುತ್ತದೆ. ಅಡಿಕೆ ಮರ ಉಳಿದರೆ ಸಾಕೆಂದು ಜನ ಲೋಡುಗಟ್ಟಲೆ ನೀರು ಕೊಂಡು ಹಾಕಿದ ವರ್ಷ. ಕನಸಣ್ಣನ ತಮ್ಮನ ತೋಟದ ಈಶಾನ್ಯ ಮೂಲೆಯನ್ನು ಸ್ವತಃ ಗಂಗಮ್ಮನೇ ಬೆರಳಿಟ್ಟು ತೋರಿಸಿದಳು, ಕನಸಿನಲ್ಲಿ. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವನನ್ನು ಅರ್ಧ ದಾರಿಯಿಂದ ವಾಪಸು ಕಳಿಸಿದರು. ಬೋರ್ ಲಾರಿ ಬಂತು. ಏಳುನೂರು ಅಡಿ ಇಳಿದರೂ ಮೇಲೆ ಬಂದದ್ದು ಬಿಳೀ ಧೂಳು. ಅಡಿಕೆ ಗರಿಯೆಲ್ಲ ಪೌಡರ್ ಹಚ್ಚಿಕೊಂಡು ನಿಂತವು. ತಮ್ಮ ಅಳುವುದೊಂದು ಬಾಕಿ.

"ಏನಣ್ಣ ಇದು?"

"ಗಂಗಮ್ಮ ಜಾಗ ತೋರಿಸಿದ್ಳು ಕಣಪ್ಪ. ಎಷ್ಟು ಅಡಿ ಅಂತ ಹೇಳೋ ಹೊತ್ತಿಗೆ ನಿಮ್ಮತ್ತಿಗೆ ಎಬ್ಬಿಸಿಬಿಟ್ಳು."

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ಇದನ್ನು ಕೇಳಿ ತಡೆಯಲಿಲ್ಲ. ಒಂದು ದಿನ ಬೆಂಚಿನ ಮೇಲೆ ಪಕ್ಕದಲ್ಲೇ ಕೂತು ಪಾಠ ಮಾಡಿದರು. ನಿದ್ದೆಯಲ್ಲಿ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ರೆಪ್ಪೆಯ ಒಳಗೇ ಕಣ್ಣುಗುಡ್ಡೆ ಸರಸರ ಓಡಾಡುತ್ತವೆ. ಆಗ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಾರೆ. ಈ ಕಣ್ಣಿನ ಓಡಾಟವನ್ನು ಕಂಡುಹಿಡಿದು 1953ರಲ್ಲಿ ಪ್ರಕಟಿಸಿದವರು ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್. ರಾತ್ರಿಗೆ ನಾಲ್ಕೈದು ಸಲ ಈ ಸರದಿ ಬರುತ್ತದೆ. ಬೆಳಗಾಗುತ್ತ ಬಂದಂತೆ ಅದರ ಹೊತ್ತು ಹೆಚ್ಚುತ್ತದೆ. ಬೆಳಗಿನ ಜಾವದ ಕನಸು ನೆನಪಿರುವುದು ಅದಕ್ಕೇ ಹೊರತು ನಿಜವಾಗುತ್ತದೆ ಎಂದಲ್ಲ. ಆದರೂ ಆ ನಿದ್ದೆಯಲ್ಲಿ ಮಿದುಳಿನ ನಾರ್‌ಅಡ್ರಿನಲಿನ್ ತೀರ ಇಳಿದಿರುವುದರಿಂದ ನೆನಪು ಗಟ್ಟಿಯಾಗಿ ನಾಟುವುದಿಲ್ಲ ಅನ್ನುತ್ತಾರೆ, ಎದ್ದು ಮುಖ ತೊಳೆಯುವಷ್ಟರಲ್ಲಿ ಮುಕ್ಕಾಲುಪಾಲು ಮಾಯ.

ಕನಸಣ್ಣ ಕಣ್ಣರಳಿಸಿ ಕೇಳಿದರು. ಕೊನೆಗೆ ಸುತ್ತ ಇದ್ದವರ ಕಡೆ ತಿರುಗಿ, "ಕೇಳಿದ್ರೇನ್ರಪ್ಪ? ಬೆಳಗಿನ ಜಾವದ್ದೇ ದೊಡ್ಡದು ಅಂತ ಅಮೆರಿಕದೋರೂ ಒಪ್ಪಿದಾರೆ!"

ಮೇಷ್ಟ್ರು ಹಣೆ ಒತ್ತಿಕೊಂಡರೂ ಸೋಲಲಿಲ್ಲ. ದಿಂಬಿನ ಪಕ್ಕ ನೋಟ್‌ಬುಕ್ಕು ಪೆನ್ನು ಇಟ್ಟುಕೊಳ್ಳಿ, ಎಚ್ಚರಾದಾಗ ಮಗ್ಗುಲಾಗಬೇಡಿ, ಯಾರ ಹತ್ತಿರವೂ ಮಾತಾಡಬೇಡಿ, ಕಂಡದ್ದನ್ನು ಕಂಡ ಹಾಗೇ ಬರೆಯಿರಿ ಎಂದರು. ಕನಸಣ್ಣ ನೂರು ಪುಟದ ನೋಟ್‌ಬುಕ್ಕು ತಂದರು. ಮೂಲೆಗಳಿಗೆ ಅರಿಶಿನ ಹಚ್ಚಿದರು, ಮೇಲೆ ಶ್ರೀ ಬರೆದರು. ಮರುದಿನ ಬೆಳಗ್ಗೆ ಮೊದಲ ಪುಟದಲ್ಲಿ, ನಿದ್ದೆಗಣ್ಣಲ್ಲಿ ಗೀಚಿದ ಓರೆ ಅಕ್ಷರದಲ್ಲಿ, ಇದ್ದದ್ದು ಇಷ್ಟು: "ಎಮ್ಮೆ. ಕೊಡೆ. ಬಾಕಿ ನಲವತ್ತು. ಅವಳಲ್ಲ."

ಕೋಟೆಯಿಲ್ಲ, ನಾಯಕರಿಲ್ಲ, ಗಂಗಮ್ಮನೂ ಇಲ್ಲ. ಎಮ್ಮೆಗೆ ಸ್ವಪ್ನಫಲದಲ್ಲಿ ಅರ್ಥ ಸಿಕ್ಕಿತು, ಕೊಡೆಗೂ ಸಿಕ್ಕಿತು, ಬಾಕಿ ನಲವತ್ತು ಟೀ ಅಂಗಡಿಯದಿರಬಹುದು. ಆದರೆ ಕಾಫಿ ಕೊಡಲು ಬಂದ ಮನೆಯವರ ಕಣ್ಣಿಗೆ ಬಿದ್ದದ್ದು ಕೊನೆಯ ಮಾತು.

"ಯಾವಳ್ರೀ ಅವಳು?"

"ಅವಳಲ್ಲ ಅಂತ ಬರ್ದಿದೀನಲ್ಲೇ!"

"ಅಲ್ಲ ಅನ್ನಾಕೆ ಒಬ್ಬಳು ಇರಬೇಕಲ್ಲ! ರಾತ್ರಿ ಮೂರು ಪ್ಲೇಟು ಮಂಡಕ್ಕಿ ಮೆಣಸಿನಕಾಯಿ ತಿನ್ನಬ್ಯಾಡ್ರಿ ಅಂದ್ರೆ ಕೇಳಲ್ಲ. ನಡುರಾತ್ರೀಲಿ ಲೈಟ್ ಹಾಕಿ ಬರೀತಾ ಕೂತ್ರೆ ನಂಗೆ ನಿದ್ದೆ ಬ್ಯಾಡ್ವಾ?"

ಆ ನೋಟ್‌ಬುಕ್ಕು ಈಗ ಹಾಲಿನ ಲೆಕ್ಕಕ್ಕಿದೆ. ಕನಸಣ್ಣನಿಗೂ ಬೇಸರವಿಲ್ಲ. "ಬರ್ದಿಟ್ರೆ ಕನಸು ಬೆಳೆಯಲ್ಲ ಸಾರ್" ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದರು. ಮೇಷ್ಟ್ರ ವಿಜ್ಞಾನಕ್ಕೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಬೇರೆ ಬೇಕಿಲ್ಲ: ಮರೆತಷ್ಟೂ ಜಾಗ ಖಾಲಿ, ಖಾಲಿ ಇದ್ದಷ್ಟೂ ಊರವರಿಗೆ ಸೀಟು.

ಇದನ್ನೆಲ್ಲ ಬರೆದು ನಾಲ್ಕು ಜನರ ಮುಂದೆ ಇವರ ಬಣ್ಣ ಬಯಲು ಮಾಡಬೇಕು ಎಂದುಕೊಂಡೇ ಮೊನ್ನೆ ಟೀ ಅಂಗಡಿಗೆ ಹೋದೆ. ನಿಟ್ಟುಸಿರಿಗೆ ಸೊಪ್ಪು ಹಾಕದೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ. ಮೂರನೆಯ ನಿಟ್ಟುಸಿರಾದ ಮೇಲೆ ಕನಸಣ್ಣ ಮೆಲ್ಲಗೆ, "ಬೆಳಗಿನ ಜಾವ ನೀವು ಬಂದಿದ್ರಿ ಸಾರ್. ದೊಡ್ಡ ಸಭೆ. ನಿಮ್ಮ ಕೊರಳಲ್ಲಿ ಗಂಧದ ಹಾರ..." ಎಂದು ನಿಲ್ಲಿಸಿ ಲೋಟ ಕೈಗೆತ್ತಿಕೊಂಡರು.

ಪೇಪರು ಮಡಚಿಟ್ಟು, ಅಂಗಡಿಯವನಿಗೆ ಇನ್ನೆರಡು ಟೀ ಹೇಳಿ, ಬೆಂಚಿನ ಮೇಲೆ ಹತ್ತಿರಕ್ಕೆ ಸರಿದು ಕೇಳಿದೆ: "ಹಾರ ಹಾಕಿದ್ದು ಯಾರಣ್ಣ?"