ಜೋಡಿ ಬಾಣ ಹೇಳಿದ್ದು

ನವಿ ಮುಂಬೈಯ ನೆರೂಳದ ಕನ್ನಡಿಗರ ವಾಟ್ಸಾಪ್ ಗ್ರೂಪೊಂದರಲ್ಲಿ ಶುಭೋದಯದ ಗುಲಾಬಿಗಳ ರಾಶಿ ಬಿದ್ದು, ಹಾರ್ಬರ್ ಲೈನಿನ ಗಾಡಿ ಹಿಡಿಯುವವರೆಲ್ಲ ಹೊರಟ ಮೇಲೆ, ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂದು ಸಾರುವ ಜೋಡಿ ಬಾಣ ಮಾತಿಗೆ ಸಿಕ್ಕಿತು.

ತಮ್ಮ ಹುಟ್ಟು?

ನನಗಿಂತ ಮೊದಲು ಬಂದವನು ಅಣ್ಣ, ಬರೀ ‘ಫಾರ್ವರ್ಡ್ ಆಗಿದೆ’ ಎನ್ನುವ ಒಂಟಿ ಬಾಣ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಐವರನ್ನು ಬಡಿದು ಕೊಂದಿತು. ಅದೇ ತಿಂಗಳು ನಿಮ್ಮ ಬೀದರಿನ ಮುರ್ಕಿಯಲ್ಲೂ ಒಂದು ಜೀವ ಹೋಯಿತು. ಆಗಲೇ ಅಣ್ಣನನ್ನು ಕೆಲಸಕ್ಕೆ ಹಾಕಿದರು, ಒಂದು ಸಲಕ್ಕೆ ಐದೇ ಕಡೆ ಎಂದು ಭಾರತಕ್ಕೆ ಕಡಿವಾಣ ಹಾಕಿದರು. ನಾನು ಬಂದದ್ದು ಮರುವರ್ಷ. 2020ರ ಏಪ್ರಿಲಿನಿಂದ ನಾನು ಅಂಟಿಕೊಂಡ ಮೆಸೇಜು ಒಂದು ಸಲಕ್ಕೆ ಒಂದೇ ಕಡೆ ಹೋಗಬೇಕು.

ಹಾಗಾದರೆ ನಿಮ್ಮನ್ನು ಕಂಡರೆ ಜನ ಹುಷಾರಾಗುತ್ತಾರೆ?

ಹುಷಾರೇ? ನನ್ನನ್ನು ಬಂಗಾರದ ಹಾಲ್‌ಮಾರ್ಕ್ ಅಂದುಕೊಂಡಿದ್ದಾರೆ! ‘ಇಷ್ಟು ಜನ ಕಳಿಸಿದ್ದಾರೆ, ಸುಳ್ಳಿರುತ್ತದಾ?’ ಒಂದೇ ಕಡೆ ಅಂದರೆ ಕಾಪಿ ಮಾಡಿ ಅಂಟಿಸುತ್ತಾರೆ. ಆಗ ನಾನು ಉದುರಿಹೋಗುತ್ತೇನೆ, ಸುಳ್ಳು ಮಿಂದು ಮಡಿಯುಟ್ಟು ಹೊರಡುತ್ತದೆ. ಮೊನ್ನೆ ‘ನೆರೂಳ ಮುಳುಗಿತು’ ಎಂಬ ವಿಡಿಯೊ ಬಂತು. ಎಲ್ಲರೂ ನೆರೂಳದಲ್ಲೇ ಕೂತಿದ್ದರು. ಕಿಟಕಿಯಿಂದ ಇಣುಕಿದರೆ ಪಾಮ್ ಬೀಚ್ ರಸ್ತೆ ಒಣಒಣ. ಆದರೂ ಕಳಿಸಿದರು, ಕಿಟಕಿಯನ್ನು ಫಾರ್ವರ್ಡ್ ಮಾಡಲು ಬರುವುದಿಲ್ಲವಲ್ಲ.

ಸುಳ್ಳು ಫಾರ್ವರ್ಡ್ ತಡೆಯಲು ಹಿರಿಯರಿಗೆ ಕನ್ನಡ ಸಂಘದಲ್ಲಿ ತರಗತಿ ನಡೆಯಿತಂತೆ?

ನಡೆಯಿತು. ಪಾಠ ಹೇಳಿದ ಹುಡುಗ ಕೋರ್ಟು, ಕಾನೂನು ಅಂತೆಲ್ಲ ಹೆದರಿಸಿದ. ಯಾರೂ ಹೆದರಲಿಲ್ಲ. ಕೊನೆಗೆ ಒಬ್ಬರು ಅಜ್ಜಿ ಎದ್ದರು: ‘ರಕ್ತ ಬೇಕು ಅಂತ ಬಂದದ್ದನ್ನು ತಡೆದರೆ ಪಾಪ ಅಲ್ವಾ ಮಗಾ?’ ಹುಡುಗ ತಬ್ಬಿಬ್ಬು. ಆ ಮೆಸೇಜಿನಲ್ಲಿ ತಾರೀಖೇ ಇಲ್ಲ ನೋಡಿ. ರೋಗಿ ಗುಣವಾಗಿ, ಮದುವೆಯಾಗಿ, ಮಗುವಿನ ನಾಮಕರಣ ಮುಗಿದರೂ ಅವರಿಗೆ ರಕ್ತ ಬೇಕೇ ಬೇಕು. ಅಜ್ಜಿ ಅಲ್ಲೇ ಆ ನಂಬರಿಗೆ ಫೋನ್ ಹಚ್ಚಿದರು. ಎತ್ತಿದವರು ಕೈಮುಗಿಯುವುದೊಂದು ಬಾಕಿ: ‘ದಯವಿಟ್ಟು ನಿಲ್ಲಿಸಿ ತಾಯೀ!’ ಆ ದಿನ ತರಗತಿಯಲ್ಲಿ ಯಾರಾದರೂ ಏನಾದರೂ ಕಲಿತಿದ್ದರೆ ಅಷ್ಟೇ.

ಅಜ್ಜಿ ಈಗ?

ಬಂದದ್ದಕ್ಕೆಲ್ಲ ‘ಯಾವತ್ತಿನದು? ಯಾರು ಹೇಳಿದ್ದು?’ ಅಂತ ಕೇಳುತ್ತಾರೆ. ಗ್ರೂಪಿನಲ್ಲಿ ಅವರಿಗೆ ‘ಜಗಳಗಂಟಿ’ ಅಂತ ಹೆಸರು ಬಿದ್ದಿದೆ. ತಾಳಿ, ಒಂದು ಮೆಸೇಜು ಬಂತು... ‘ಡಿಜಿಟಲ್ ಅರೆಸ್ಟ್ ಮೋಸ, ಎಚ್ಚರ! ತಕ್ಷಣ ಈ ಸಹಾಯವಾಣಿಗೆ ಕರೆ ಮಾಡಿ.’

ಒಳ್ಳೆಯದೇ ಆಯಿತಲ್ಲ?

ಸರ್ಕಾರದ ಸೈಬರ್ ಸಹಾಯವಾಣಿ 1930. ಇಲ್ಲಿರುವುದು ಯಾರದೋ ಹತ್ತಂಕಿಯ ಮೊಬೈಲು. ಅಗೋ, ನಿಮ್ಮ ಮಾವನವರು ಕಳಿಸಿಯೂ ಆಯಿತು.