ಎರಡು ನಿಮಿಷದ ಸಿನಿಮಾಕ್ಕೆ ಏಳು ನಿರ್ದೇಶಕರು: ರೀಮ್ ದ್ವೀಪದ ಒಂದು ಪಾತ್ರಮೀಮಾಂಸೆ

ಪೀಠಿಕೆ

ವಿದ್ಯಾರ್ಥಿಗಳು ಕೂಡಿ ಮಾಡುವ ಅನಿಮೇಷನ್ ಚಿತ್ರದಲ್ಲಿ ಯಾರು ಏನು ಮಾಡುತ್ತಾರೆ, ಯಾರು ಏನೂ ಮಾಡುವುದಿಲ್ಲ, ಏನೂ ಮಾಡದವರ ಹೆಸರೇ ಪರದೆಯ ಮೇಲೆ ಮೊದಲು ಏಕೆ ಬರುತ್ತದೆ? ಈ ಮೂರು ಪ್ರಶ್ನೆಗಳನ್ನು ಪೂರ್ವಸೂರಿಗಳು ಕೈಬಿಟ್ಟಿದ್ದಾರೆ. ಭರತಮುನಿ ಸೂತ್ರಧಾರನ ಲಕ್ಷಣ ಹೇಳಿದ, ವಿದೂಷಕನ ಲಕ್ಷಣ ಹೇಳಿದ; ರೆಂಡರ್ ಮುಗಿಯುವ ತನಕ ಲ್ಯಾಪ್‌ಟಾಪ್ ಕಾಯುವವನ ಲಕ್ಷಣ ಹೇಳದೆ ಹೋದ. ಆ ಲೋಪ ತುಂಬಲೆಂದೇ ಈ ಗ್ರಂಥ. ಶಾಸ್ತ್ರಕ್ಕೆ ಅನುಬಂಧ ಚತುಷ್ಟಯ ಬೇಕೆಂಬುದು ಸಂಪ್ರದಾಯವಾದ್ದರಿಂದ ಅದನ್ನೂ ಹೇಳಿಬಿಡುತ್ತೇವೆ. ವಿಷಯ: ಕೆಲಸದ ಹಂಚಿಕೆ. ಸಂಬಂಧ: ಒಂದೇ ಲಿಫ್ಟು. ಅಧಿಕಾರಿ: ಮನೆಯಲ್ಲಿ ಹದಿಹರೆಯದ ಮಕ್ಕಳಿರುವ ಯಾರಾದರೂ. ಪ್ರಯೋಜನ: ಮುಂದೆ ನೋಡೋಣ.

ಅಧ್ಯಯನದ ಕ್ಷೇತ್ರ ಅಬುಧಾಬಿಗೆ ಸೇತುವೆಗಳಿಂದ ಅಂಟಿಕೊಂಡಿರುವ ಅಲ್ ರೀಮ್ ಐಲ್ಯಾಂಡ್. ಇಲ್ಲಿ 74 ಮಹಡಿಯ ಸ್ಕೈ ಟವರ್ ಉಂಟು, ಪಕ್ಕದಲ್ಲೇ 65 ಮಹಡಿಯ ಸನ್ ಟವರ್ ಉಂಟು, ನೆತ್ತಿಯ ಮೇಲೆ ಅಡ್ಡತೊಲೆ ಹೊತ್ತು ನಿಂತ ಗೇಟ್ ಟವರ್ಸ್ ಉಂಟು, ಸೋರ್ಬೋನ್ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಉಂಟು. ಈ ಗಾಜಿನ ಗೂಡುಗಳಲ್ಲಿ ಉಡುಪಿ, ಕುಂದಾಪುರ, ದಾವಣಗೆರೆ, ಬೆಂಗಳೂರು ಕಡೆಯ ಮನೆಗಳು ಅಲ್ಲೊಂದು ಇಲ್ಲೊಂದು. ಆ ಮನೆಗಳ ಎಂಟು ಮಕ್ಕಳು ರಾಜ್ಯೋತ್ಸವದ ಕಾರ್ಯಕ್ರಮಕ್ಕೆಂದು ಪುಣ್ಯಕೋಟಿಯ ಕಥೆಯನ್ನು ಎರಡು ನಿಮಿಷದ ಅನಿಮೇಷನ್ ಮಾಡಲು ಹೊರಟರು. ನಮಗೆ ದೊರೆತ ಆಕರಗಳು ಎರಡು: ಅವರ ವಾಟ್ಸಾಪ್ ಗ್ರೂಪು ಮತ್ತು ಅವರ ಡ್ರೈವ್ ಫೋಲ್ಡರು. ಎರಡರಲ್ಲೂ ಪ್ರಕ್ಷಿಪ್ತ ಭಾಗಗಳು ಹೇರಳ. ಮಕ್ಕಳ ಹೆಸರುಗಳನ್ನು ಅವರ ತಾಯಂದಿರ ಅಪ್ಪಣೆಯಂತೆ ಬಿಟ್ಟಿದ್ದೇವೆ.

ಮೊದಲು ಲೆಕ್ಕ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮು. ಎರಡು ನಿಮಿಷಕ್ಕೆ 2,880. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸುವ ಹಳೆಯ ಉಪಾಯ ಹಿಡಿದರೆ 1,440 ಚಿತ್ರ. ಎಂಟು ಮಂದಿಗೆ ಹಂಚಿದರೆ ತಲೆಗೆ 180. ಈ ಭಾಗಾಕಾರವನ್ನು ತಂಡದಲ್ಲಿ ಯಾರೂ ಮಾಡಿದಂತೆ ಕಾಣುವುದಿಲ್ಲ. ಮಾಡಿದ್ದರೆ ಈ ಶಾಸ್ತ್ರವೇ ಹುಟ್ಟುತ್ತಿರಲಿಲ್ಲ.

ಒಂದನೆಯ ಅಧಿಕರಣ: ನಿರ್ದೇಶಕ ಕುಲ

ಎಂಟರಲ್ಲಿ ಏಳು ಮಂದಿ ನಿರ್ದೇಶಕರು. ಉಪಜಾತಿಗಳು ಹೀಗೆ: ಡೈರೆಕ್ಟರ್, ಕೋ-ಡೈರೆಕ್ಟರ್, ಕ್ರಿಯೇಟಿವ್ ಡೈರೆಕ್ಟರ್, ಆರ್ಟ್ ಡೈರೆಕ್ಟರ್, ಟೆಕ್ನಿಕಲ್ ಡೈರೆಕ್ಟರ್, ವಾಯ್ಸ್ ಡೈರೆಕ್ಟರ್, ಮತ್ತು ಕ್ಯಾಮೆರಾವೇ ಇಲ್ಲದ ಚಿತ್ರಕ್ಕೆ ಒಬ್ಬ ಡೈರೆಕ್ಟರ್ ಆಫ್ ಫೋಟೋಗ್ರಫಿ. ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೆಯ ವೇಷ ಎನ್ನುತ್ತಾರೆ. ಅವರು ಹಾಡುತ್ತಾರೆ, ತಾಳ ಹಿಡಿಯುತ್ತಾರೆ, ಆಟವನ್ನು ಏರಿಸಿ ಇಳಿಸುತ್ತಾರೆ, ಬೆಳಗಿನ ತನಕ ಕೂರುತ್ತಾರೆ. ರೀಮ್ ದ್ವೀಪದ ನಿರ್ದೇಶಕನೂ ಕೂರುತ್ತಾನೆ. ಸಾಮ್ಯ ಅಲ್ಲಿಗೆ ಮುಗಿಯಿತು.

ಸಭೆ ಪ್ರತಿ ಶುಕ್ರವಾರ ಮಧ್ಯಾಹ್ನ. 2022ರ ಜನವರಿಯಲ್ಲಿ ಯುಎಇ ತನ್ನ ವಾರಾಂತ್ಯವನ್ನು ಶನಿವಾರ, ಭಾನುವಾರಕ್ಕೆ ಸರಿಸಿ ಶುಕ್ರವಾರವನ್ನು ಅರ್ಧ ದಿನ ಮಾಡಿತಷ್ಟೆ. ಉಳಿದ ಅರ್ಧ ದಿನ ಏನಾಯಿತು ಎಂದು ಇತಿಹಾಸಕಾರರು ಕೇಳಿದರೆ ಈ ಸಭೆಯನ್ನು ತೋರಿಸಬಹುದು. ಮೊದಲ ಸಭೆಯಲ್ಲಿ ಚಿತ್ರದ ಹೆಸರಿನ ಅಕ್ಷರವಿನ್ಯಾಸ ತೀರ್ಮಾನವಾಯಿತು. ಎರಡನೆಯದರಲ್ಲಿ ರದ್ದಾಯಿತು.

ಎಂಟನೆಯವಳು ಒಂಬತ್ತನೇ ಕ್ಲಾಸಿನವಳು. ಪದವಿ ಹಂಚುವ ಹೊತ್ತಿಗೆ ಬೇಸಗೆ ರಜೆಗೆ ಕುಂದಾಪುರದ ಅಜ್ಜಿಯ ಮನೆಯಲ್ಲಿದ್ದಳು. ವಾಪಸು ಬರುವಷ್ಟರಲ್ಲಿ ಪದವಿಗಳೆಲ್ಲ ಖರ್ಚಾಗಿದ್ದವು, ಕೆಲಸ ಮಾತ್ರ ಹಾಗೇ ಉಳಿದಿತ್ತು. ಅವಳಿಗೆ ಅದನ್ನು ಕೊಟ್ಟರು.

ಎರಡನೆಯ ಅಧಿಕರಣ: ನಿರ್ಜಾನು ವಾದ

ಪಾತ್ರವಿನ್ಯಾಸವು ಆರ್ಟ್ ಡೈರೆಕ್ಟರನ ಅಧೀನ. ಅವನ ಮುಂದೆ ಸ್ಥಳೀಯ ಮಾದರಿಯೊಂದಿತ್ತು. ಎಮಿರಾತಿ ಅನಿಮೇಷನ್ನಿನ ಹೆಸರಾಂತ ಧಾರಾವಾಹಿ ‘ಫ್ರೀಜ್’ 2006ರಲ್ಲಿ ಸಮಾ ದುಬೈ ವಾಹಿನಿಯಲ್ಲಿ ಬಂತು. ಅದರ ಕರ್ತೃ ಮೊಹಮ್ಮದ್ ಸಯೀದ್ ಹಾರಿಬ್‌ಗೆ ಅದು ಹೊಳೆದದ್ದು ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ. ನಿನ್ನ ನಾಡಿನ ಸೂಪರ್ ಹೀರೋ ಒಬ್ಬರನ್ನು ಬರೆ ಎಂದಾಗ ಅವನು ಬುರ್ಖಾ ತೊಟ್ಟ ಅಜ್ಜಿಯನ್ನು ಬರೆದ. ಮುಂದೆ ಅವಳು ನಾಲ್ವರು ಅಜ್ಜಿಯರಾಗಿ ದುಬೈನ ಹಳೆಯ ಕೇರಿಯೊಂದರಲ್ಲಿ ಸಂಸಾರ ಹೂಡಿದಳು. ವಿದ್ಯಾರ್ಥಿಯೊಬ್ಬನ ಹೋಂವರ್ಕು ಇಡೀ ದೇಶದ ಮನೆಮಾತಾದ ಈ ದೃಷ್ಟಾಂತದಿಂದ ಕಲಿಯಬೇಕಾದ್ದು ಬಹಳ. ನಮ್ಮ ತಂಡ ಕಲಿತದ್ದು ಒಂದೇ: ಅಜ್ಜಿಯರ ಅಬಾಯಾ ನೆಲ ಮುಟ್ಟುತ್ತದೆ.

ಸೂತ್ರ: ಮೊಣಕಾಲು ಕಾಣದಿದ್ದರೆ ನಡಿಗೆ ಬರೆಯಬೇಕಾಗಿಲ್ಲ.

ಈ ಸೂತ್ರದ ಬಲದಿಂದ ಕಾಳಿಂಗನೆಂಬ ಗೊಲ್ಲನಿಗೆ ಕಂದೂರಾ ಎಂಬ ಪಾದ ಮುಟ್ಟುವ ಬಿಳಿಯ ಅರಬ್ಬಿ ನಿಲುವಂಗಿ ತೊಡಿಸಲಾಯಿತು. ಸಾಂಸ್ಕೃತಿಕ ಸಮನ್ವಯ ಎಂದು ವರದಿಯಲ್ಲಿ ಬರೆದರು. ಗೊಲ್ಲ ಈಗ ಕಾಲಿಲ್ಲದೆ, ಟ್ರಾಲಿಯ ಮೇಲೆ ನಿಲ್ಲಿಸಿದಂತೆ, ಎಡದಿಂದ ಬಲಕ್ಕೆ ಜಾರುತ್ತಾನೆ. ಹಸುವಿಗೆ ಕಂದೂರಾ ತೊಡಿಸುವ ಸೂಚನೆ ಒಂದು ಮತದಿಂದ ಬಿದ್ದುಹೋಯಿತು. ಆದ್ದರಿಂದ ಪುಣ್ಯಕೋಟಿ ಇಡೀ ಚಿತ್ರದಲ್ಲಿ ಎದೆಮಟ್ಟದ ಹುಲ್ಲಿನಲ್ಲೇ ನಿಂತಿರಬೇಕೆಂದು ಠರಾವಾಯಿತು. ಹುಲ್ಲು ಬರೆಯುವುದೂ ಕಷ್ಟವಾದಾಗ ಹಿನ್ನೆಲೆಯ ಹೊಣೆ ಹೊತ್ತ ಕೋ-ಡೈರೆಕ್ಟರ್ ಕಥೆಯನ್ನೇ ರೀಮ್ ಮಾಲ್‌ನ ಸ್ನೋ ಅಬುಧಾಬಿಗೆ ಸ್ಥಳಾಂತರಿಸೋಣ ಎಂದ. ಒಳಗೆ ಮೈನಸ್ ಎರಡು ಡಿಗ್ರಿ, ನೆಲವೆಲ್ಲ ಹಿಮ, ಬಿಳಿ ಹಾಳೆಯನ್ನು ಹಾಗೇ ಬಿಟ್ಟರಾಯಿತು. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸಮನಾದ ಸಂಕ್ಷೇಪ ನಮಗೆ ಕಂಡಿಲ್ಲ.

ಮೂರನೆಯ ಅಧಿಕರಣ: ನಡುವಿನವಳು

ಅನಿಮೇಷನ್ನಿನಲ್ಲಿ ಹಿರಿಯ ಕಲಾವಿದ ಚಲನೆಯ ಮುಖ್ಯ ಭಂಗಿಗಳನ್ನು ಬರೆಯುತ್ತಾನೆ. ಅವು ಕೀ ಚಿತ್ರಗಳು. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ತುಂಬುವವರು ಇನ್‌ಬಿಟ್ವೀನರ್. ಕೀರ್ತಿ ತುದಿಗಳಿಗೆ, ಬೆನ್ನುನೋವು ನಡುವಿಗೆ.

ಈ ವರ್ಗಕ್ಕೆ ಘನವಾದ ಪರಂಪರೆ ಇದೆ. 1914ರ ‘ಗರ್ಟಿ ದ ಡೈನೋಸಾರ್’ ಎಂದರೆ ಜಗತ್ತು ವಿನ್ಸರ್ ಮೆಕೇ ಹೆಸರು ಹೇಳುತ್ತದೆ. ಆಗ ಹಿನ್ನೆಲೆಯನ್ನು ಬೇರೆಯಾಗಿಟ್ಟು ಮೇಲೆ ಪಾರದರ್ಶಕ ಹಾಳೆ ಹೊದಿಸುವ ಪದ್ಧತಿ ಬಳಕೆಗೆ ಬಂದಿರಲಿಲ್ಲ. ಅದೇ ಬಂಡೆ, ಅದೇ ಮರ, ಅದೇ ದಿಗಂತವನ್ನು ಸಾವಿರಾರು ಹಾಳೆಗಳ ಮೇಲೆ ಮತ್ತೆ ಮತ್ತೆ ಎಳೆದವನು ಪಕ್ಕದ ಮನೆಯ ಕಲಾವಿದ್ಯಾರ್ಥಿ ಜಾನ್ ಫಿಟ್ಜ್‌ಸಿಮನ್ಸ್. ಡೈನೋಸಾರ್ ಕುಣಿಯಿತು, ಮೆಕೇ ವೇದಿಕೆಯ ಮೇಲೆ ನಿಂತು ಚಪ್ಪಾಳೆ ಪಡೆದ. ವಿದ್ಯಾರ್ಥಿ ಅನಿಮೇಷನ್ನಿನ ಮೂಲಪುರುಷ ಬಂಡೆ ಬರೆಯುತ್ತಿದ್ದ.

ರೀಮ್ ದ್ವೀಪದ ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ಹುಲಿ ನೆಗೆಯುವ ದೃಶ್ಯ ಒಂದು ಸೆಕೆಂಡು, ಅಂದರೆ ಹನ್ನೆರಡು ಚಿತ್ರ. ಆರ್ಟ್ ಡೈರೆಕ್ಟರ್ ಮೊದಲನೆಯದನ್ನೂ ಕೊನೆಯದನ್ನೂ ಬರೆದು, “ನಡುವಿಂದು ಈಸಿ, ನೀನೇ ಮಾಡು” ಎಂದು ಗ್ರೂಪಿಗೆ ಹಾಕಿದ. ಮೊದಲ ಚಿತ್ರದ ಹುಲಿಗೆ ಒಂಬತ್ತು ಪಟ್ಟೆ, ಬಾಲ ಎಡಕ್ಕೆ. ಕೊನೆಯದಕ್ಕೆ ಹದಿನಾಲ್ಕು ಪಟ್ಟೆ, ಬಾಲ ಬಲಕ್ಕೆ. ಒಂಬತ್ತನೇ ಕ್ಲಾಸಿನವಳು ಪ್ರಶ್ನೆ ಕೇಳಿ ಸಂದೇಶ ಕಳಿಸಿದಳು. ಏಳು ನಿರ್ದೇಶಕರೂ ಹೆಬ್ಬೆರಳು ಒತ್ತಿದರು. ಅವಳು ಬಾಲವನ್ನು ಬೆನ್ನಿನ ಮೇಲಿಂದ ಸುತ್ತಿಸಿ ಆಚೆ ದಾಟಿಸಿದಳು. ಪಟ್ಟೆಗಳನ್ನು ಎರಡು ಚಿತ್ರಕ್ಕೊಂದರಂತೆ ಹುಟ್ಟಿಸಿದಳು. ಹತ್ತು ಚಿತ್ರ, ಐದು ಪಟ್ಟೆ, ಲೆಕ್ಕ ಚುಕ್ತಾ. ಪ್ರದರ್ಶನದ ದಿನ ಹಿರಿಯರೊಬ್ಬರು, “ಹುಲಿಗೆ ಹಾರುತ್ತ ಹಾರುತ್ತ ಪಟ್ಟೆ ಬಂತಲ್ಲ?” ಎಂದು ಕೇಳಿದಾಗ ಕ್ರಿಯೇಟಿವ್ ಡೈರೆಕ್ಟರ್ ಮೈಕು ಹಿಡಿದು, ಅದು ಹುಲಿಯ ಒಳಗಿನ ಪಶ್ಚಾತ್ತಾಪದ ಸಂಕೇತ ಎಂದು ವಿವರಿಸಿದ. ಧ್ವನಿಪ್ರಸ್ಥಾನವು ಕೊಲ್ಲಿ ರಾಷ್ಟ್ರಗಳನ್ನು ತಲುಪಿದ್ದು ಆ ಸಂಜೆ.

ನಾಲ್ಕನೆಯ ಅಧಿಕರಣ: ಕಂಠ ಮತ್ತು ಕುಕ್ಕರ್

ಪುಣ್ಯಕೋಟಿಯ ದನಿ ಕುಂದಾಪುರದ ಅಜ್ಜಿಯದು. ಯುಎಇಯಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲ, ವಾಯ್ಸ್ ನೋಟ್ ಹೋಗುತ್ತದೆ. ಹೀಗಾಗಿ ಹಸುವಿನ ಸಂಭಾಷಣೆಯೆಲ್ಲ ತುಂಡು ತುಂಡಾಗಿ ಅಡುಗೆಮನೆಯಿಂದ ಬಂತು, ಹಿಂದೆ ಕಾಗೆ ಮತ್ತು ಕುಕ್ಕರಿನ ಶಿಳ್ಳೆ ಸಹಿತ. ವಾಯ್ಸ್ ಡೈರೆಕ್ಟರ್ ತನ್ನ ಅಧಿಕಾರ ಚಲಾಯಿಸಿ, “ಸ್ವಲ್ಪ ಎಮೋಷನ್ ಬೇಕು ಅಜ್ಜಿ” ಎಂದು ಕಳಿಸಿದ. ಉತ್ತರ ಬಂತು: “ಎಂತ ಇಮೋಸನ್ ಮರಾಯ, ಅನ್ನ ಸೀದ್ ಹೋತ್.” ಇಡೀ ಧ್ವನಿಮುದ್ರಿಕೆಯಲ್ಲಿ ನಿಜವಾದ ಭಾವ ಇರುವುದು ಈ ಒಂದು ವಾಕ್ಯದಲ್ಲಿ; ಅದನ್ನೇ ಕತ್ತರಿಸಿದರು. ಶಿಳ್ಳೆಯನ್ನು ಮಾತಿನಿಂದ ಬೇರ್ಪಡಿಸಲಾಗದೆ ಉಳಿಸಿಕೊಂಡರು. ಈಗ ಹುಲಿ ಪೊದೆಯಿಂದ ಹೊರಬರುವಾಗ ಮೂರು ಸಲ ಕುಕ್ಕರ್ ಕೂಗುತ್ತದೆ. ಸಭಿಕರಿಗೆ ಹಸಿವಾದದ್ದು ನಿಜ. ಸಾಧಾರಣೀಕರಣ ಎಂದರೆ ಇದೇ ಇರಬೇಕು.

ಐದನೆಯ ಅಧಿಕರಣ: ರೆಂಡರ್ ಮತ್ತು ಕಡತಪಾಲನೆ

ಡೈರೆಕ್ಟರ್ ಆಫ್ ಫೋಟೋಗ್ರಫಿಗೆ ಹಿನ್ನೆಲೆಯಲ್ಲಿ ಗಾಜಿನ ಗೋಪುರಗಳೂ ಅವುಗಳಲ್ಲಿ ಸಮುದ್ರದ ಪ್ರತಿಬಿಂಬವೂ ಬೇಕಾಗಿತ್ತು. ಬ್ಲೆಂಡರ್ ಪುಕ್ಕಟೆ ತಂತ್ರಾಂಶ. ಅದರಲ್ಲಿ ಮಾಡಿದ ಲಾಟ್ವಿಯಾದ ‘ಫ್ಲೋ’ 2025ರಲ್ಲಿ ಆಸ್ಕರ್ ಪಡೆಯಿತು. ಆದರೆ ತಂತ್ರಾಂಶ ಪುಕ್ಕಟೆಯಾದರೆ ಸಮಯ ಪುಕ್ಕಟೆಯಾಗುವುದಿಲ್ಲ. ಒಂದು ಫ್ರೇಮಿಗೆ ನಾಲ್ಕು ನಿಮಿಷ. 2,880 ಫ್ರೇಮಿಗೆ 192 ಗಂಟೆ, ಎಂದರೆ ಎಂಟು ದಿನ ಎಂಟು ರಾತ್ರಿ. ಕಾರ್ಯಕ್ರಮಕ್ಕೆ ಐದು ದಿನ ಉಳಿದಿತ್ತು. ಟೆಕ್ನಿಕಲ್ ಡೈರೆಕ್ಟರ್ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಶಾಲೆಗೆ ಹೋದ. ಅವನ ತಾಯಿ ಮೇಜು ಒರೆಸಲೆಂದು ಮುಚ್ಚಿದರು. ಅವರಿಗೆ ತಂಡದಲ್ಲಿ ಯಾವ ಪದವಿಯೂ ಇಲ್ಲ. ಆದರೂ ಮಕ್ಕಳಿಗೆ ಊಟ ಹಾಕಿದ, ಗಡುವು ನೆನಪಿಸಿದ, ಇಂಟರ್ನೆಟ್ ಬಿಲ್ ಕಟ್ಟಿದ, ಅಗತ್ಯ ಬಿದ್ದಾಗ ಕೆಲಸ ನಿಲ್ಲಿಸಿದ ಎಲ್ಲ ಲಕ್ಷಣಗಳಿಂದ ಅವರನ್ನೇ ಪ್ರೊಡ್ಯೂಸರ್ ಎಂದು ಗುರುತಿಸತಕ್ಕದ್ದು.

ಇನ್ನು ಗ್ರಂಥಸಂಪಾದನೆ. ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್ ಹೊಸತು’, ‘ಇದೇ ಫೈನಲ್’, ‘ಮುಟ್ಟಬೇಡಿ’ ಎಂಬ ನಾಲ್ಕು ಪ್ರತಿಗಳು. ಅಂತರ್‌ಸಾಕ್ಷ್ಯದಿಂದ ನೋಡಿದರೆ ‘ಫೈನಲ್’ ಎಂಬುದೇ ಈಚಿನದು. ಜಾಗ ಸಾಲದೆಂದು ಕೋ-ಡೈರೆಕ್ಟರ್ ಅದನ್ನೇ ಹಳತೆಂದು ತಿಳಿದು ಅಳಿಸಿದ. ಇದಕ್ಕೂ ಪೂರ್ವನಿದರ್ಶನ ಉಂಟು. ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದ 1998ರಲ್ಲಿ ಪಿಕ್ಸಾರ್‌ನಲ್ಲಿ ಯಾರೋ ಒತ್ತಿದ ಒಂದು ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲುಗಳು ಮಾಯವಾದವು, ಬ್ಯಾಕಪ್ಪೂ ಕೆಲಸ ಮಾಡಿರಲಿಲ್ಲ. ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬ ಬಾಣಂತಿ. ಹಸುಗೂಸಿನ ಆರೈಕೆಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ರೀಮ್‌ನಲ್ಲೂ ಪ್ರತಿ ಇದ್ದದ್ದು ಮನೆಯಲ್ಲಿ ಕೂತು ಕೆಲಸ ಮಾಡಿದವಳ ಬಳಿ, ಅವಳ ಅಮ್ಮನ ಹಳೆಯ ಲ್ಯಾಪ್‌ಟಾಪಿನಲ್ಲಿ. ಫೈಲು ಯಾವಾಗಲೂ ಕೆಲಸದ ಹಿಂದೆ ಹೋಗುತ್ತದೆ, ಪದವಿಯ ಹಿಂದೆ ಹೋಗುವುದಿಲ್ಲ.

ಪೂರ್ವಪಕ್ಷ

ಹಾಗಾದರೆ ನಿರ್ದೇಶಕ ಬೇಡವೇ ಎಂದು ಪ್ರತಿವಾದಿ ಕೇಳಬಹುದು. ಬೇಕು. ಎಂಟು ದಿನದ ರೆಂಡರ್ ಐದು ದಿನದಲ್ಲಿ ಮುಗಿಯದು ಎಂದು ಎಲ್ಲರೂ ತಲೆಮೇಲೆ ಕೈಹೊತ್ತು ಕೂತಾಗ ಡೈರೆಕ್ಟರ್ ಎಂಬವನು ಮೊದಲ ಬಾರಿಗೆ ನಿರ್ದೇಶಿಸಿದ. “ಧೂಳಿನ ಬಿರುಗಾಳಿ ಹಾಕಿ. ಗೋಪುರ ಬೇಡ, ಸಮುದ್ರ ಬೇಡ, ಹುಲ್ಲೂ ಬೇಡ.” ಪರದೆಯ ಮೇಲೆ ಕಂದು ಬಣ್ಣ ಕವಿಯಿತು. ಅದರೊಳಗಿಂದ ಹಸುವಿನ ಮುಖ ಮಾತ್ರ ಕಾಣುತ್ತಿತ್ತು. ಫ್ರೇಮಿಗೆ ಅರ್ಧ ನಿಮಿಷ ಸಾಕಾಯಿತು, ಇಡೀ ಚಿತ್ರ ಒಂದೇ ದಿನದಲ್ಲಿ ಇಳಿಯಿತು. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಮರಳುವ ಹಸುವಿಗೆ ಆ ಧೂಳು ಚೆನ್ನಾಗಿಯೇ ಒಪ್ಪಿತು ಎಂಬುದನ್ನು ಶಾಸ್ತ್ರಕಾರರಾದ ನಾವೂ ಒಪ್ಪುತ್ತೇವೆ. ‘ಬೇಡ’ ಎಂಬ ಪದ ಹೇಳುವುದಕ್ಕೆ ಒಬ್ಬ ನಿರ್ದೇಶಕ ಬೇಕು. ಏಳು ಮಂದಿ ಕೂತರೆ ‘ಅದೂ ಇರಲಿ’ ಎಂಬುದೇ ಹುಟ್ಟುತ್ತದೆ.

ಲೋಟ್ಟೆ ರೈನಿಗರ್ ಅರಬ್ಬಿ ಕಥೆಗಳಿಂದ ‘ಪ್ರಿನ್ಸ್ ಅಹ್ಮದ್’ ಚಿತ್ರವನ್ನು ಕಪ್ಪು ಕಾಗದ ಕತ್ತರಿಸಿ 1926ರಲ್ಲಿ ತೆರೆಗೆ ತಂದಾಗ ತಂಡದಲ್ಲಿದ್ದದ್ದು ಬೆರಳೆಣಿಕೆಯ ಜನ. ನಿರ್ದೇಶಕಿಯ ಕೈಯಲ್ಲೇ ಕತ್ತರಿ ಇತ್ತು. ನಮ್ಮ ಮಕ್ಕಳ ದೋಷದ ಮೂಲವೂ ಇಲ್ಲೇ ಸಿಗುತ್ತದೆ: ಅವರು ಹಾಲಿವುಡ್ ಚಿತ್ರದ ಕೊನೆಯಲ್ಲಿ ಓಡುವ ಹೆಸರುಪಟ್ಟಿಯನ್ನು ನೋಡಿ ತಂಡ ಕಟ್ಟಿದರು. ಹಂಚಿಕೊಂಡದ್ದು ಟೈಟಲ್ ಕಾರ್ಡು. ಕೆಲಸ ಹಂಚಲು ಮರೆತರು. ಅಂತಿಮ ಪ್ರತಿಯಲ್ಲಿ ಏಳು ನಿರ್ದೇಶಕರಿಗೆ ಒಬ್ಬೊಬ್ಬರಿಗೂ ಒಂದು ಪರದೆ. ಹುಡುಗಿಯ ಹೆಸರು ‘ವಿಶೇಷ ಧನ್ಯವಾದಗಳು’ ಅಡಿಯಲ್ಲಿ, ಪಿಜ್ಜಾ ತರಿಸಿದ ಅಂಕಲ್ ಆದಮೇಲೆ.

ಸಿದ್ಧಾಂತ

ಪದವಿಯ ಉದ್ದವನ್ನು ಬರೆದ ಚಿತ್ರಗಳ ಸಂಖ್ಯೆಯಿಂದ ಗುಣಿಸಿದರೆ ಬರುವ ಗುಣಲಬ್ಧ ಸ್ಥಿರ. ಒಂದು ಬೆಳೆದಂತೆ ಇನ್ನೊಂದು ಕುಗ್ಗುತ್ತದೆ. ಇದು ಪ್ರಕೃತಿನಿಯಮವಾದ್ದರಿಂದ ಬೋಧನೆಯಿಂದ ಸರಿಹೋಗದು, ಸುಂಕದಿಂದ ಸರಿಹೋಗಬಹುದು. ಮುಂದಿನ ಚಿತ್ರಕ್ಕೆ ಒಂಬತ್ತನೇ ಕ್ಲಾಸಿನವಳು ಗ್ರೂಪಿನಲ್ಲಿ ಹಾಕಿರುವ ಷರತ್ತು ಹೀಗಿದೆ: ಅಭಿಪ್ರಾಯ ಒಂದಕ್ಕೆ ಹನ್ನೆರಡು ಚಿತ್ರ, ಮುಂಗಡ. ಯಾರು ಬೇಕಾದರೂ ನಿರ್ದೇಶಕರಾಗಬಹುದು, ಒಂದು ಸೆಕೆಂಡು ಬರೆದು ತಂದರೆ ಒಂದು ಮಾತು ಆಡಬಹುದು. ‘ಬೇಡ’ ಎನ್ನುವ ಅಭಿಪ್ರಾಯಕ್ಕೆ ಅರ್ಧ ದರ. ಅಜ್ಜಿಗೆ ಸುಂಕವಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದ ಡೈರೆಕ್ಟರನಿಗೆ ಪೆನ್ಸಿಲ್ ಪ್ರಾಪ್ತಿ, ಇನ್‌ಬಿಟ್ವೀನರಿಗೆ ನಿದ್ರಾಪ್ರಾಪ್ತಿ, ಪ್ರೊಡ್ಯೂಸರಿಗೆ ಊಟದ ಮೇಜಿನ ಪುನಃಪ್ರಾಪ್ತಿ. ಷರತ್ತು ಹಾಕಿದ ಮೇಲೆ ಬಂದ ಮೊದಲ ಶುಕ್ರವಾರದ ಸಭೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲವಂತೆ. ಕಾಲು ಗಂಟೆಯಲ್ಲಿ ಸಭೆ ಮುಗಿದು ಸ್ಟೋರಿಬೋರ್ಡಿನ ಮೊದಲ ಪುಟ ಸಿದ್ಧವಾಯಿತೆಂದು ಗ್ರೂಪಿನ ದಾಖಲೆ ಹೇಳುತ್ತದೆ. ಅದು ಪ್ರಕ್ಷಿಪ್ತವಲ್ಲ ಎಂದು ನಾವು ನಿರ್ಣಯಿಸಿದ್ದೇವೆ, ಏಕೆಂದರೆ ಅದಕ್ಕೆ ಯಾರೂ ಹೆಬ್ಬೆರಳು ಒತ್ತಿಲ್ಲ.