ಗುಣವಾಗದೇ ಬಂದದ್ದಕ್ಕೆ ಕ್ಷಮೆ ಕೋರಿ

ಇವರಿಗೆ,
ಅಧ್ಯಕ್ಷರು ಮತ್ತು ಸರ್ವ ಸದಸ್ಯರು,
ಅಂಗವಿಕಲತೆ ಪ್ರಮಾಣೀಕರಿಸುವ ವೈದ್ಯಕೀಯ ಮಂಡಳಿ,
ಮೊದಲನೇ ಮಹಡಿ, ಲಿಫ್ಟ್ ಕೆಟ್ಟಿದೆ.

ವಿಷಯ: ನನ್ನ ಮಗ ಐದು ವರ್ಷ ಕಳೆದರೂ ಗುಣವಾಗದೇ ಇರುವ ಬಗ್ಗೆ.
ಉಲ್ಲೇಖ: ತಮ್ಮ ಕಚೇರಿ ನಿನ್ನೆ ಮಧ್ಯಾಹ್ನ ಬಾಯಿಮಾತಿನಲ್ಲಿ ನೀಡಿದ "ಮುಂದಿನ ಬುಧವಾರ ಬನ್ನಿ".

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಮಗ ಗುಣವಾಗಿಲ್ಲ. ತಮಗೆ ನಿರಾಸೆಯಾಗಿದ್ದರೆ ಕ್ಷಮೆಯಿರಲಿ.

ಅವನಿಗಿರುವುದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಡಿಸ್ಟ್ರೋಫಿನ್ ಎಂಬ ಪ್ರೋಟೀನು ಮೈಯಲ್ಲಿ ತಯಾರಾಗದೆ ಸ್ನಾಯುಗಳು ಸವೆಯುತ್ತಾ ಹೋಗುವ, ಹೆಚ್ಚಾಗಿ ಗಂಡುಮಕ್ಕಳಿಗೇ ಬರುವ ಕಾಯಿಲೆ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಉಸಿರು ಮತ್ತು ಹೃದಯ. ಫ್ರಾನ್ಸಿನ ಡುಶೆನ್ ಎಂಬ ವೈದ್ಯ 1860ರ ದಶಕದಲ್ಲೇ ಇದನ್ನು ವಿವರವಾಗಿ ಬರೆದಿಟ್ಟ. ಅಲ್ಲಿಂದ ಇಲ್ಲಿಯವರೆಗೆ ಯಾವ ಹುಡುಗನೂ ಎದ್ದು ನಡೆದು ಬಂದು "ನನಗೆ ವಾಸಿಯಾಯಿತು ಸಾರ್, ಸರ್ಟಿಫಿಕೇಟು ವಾಪಸ್ ತಗೊಳ್ಳಿ" ಅಂದದ್ದಿಲ್ಲ. ಆದರೂ ತಾವು ಕಾಯುತ್ತಿದ್ದೀರಿ. ತಮ್ಮಷ್ಟು ಆಶಾವಾದಿಗಳು ನಿಮ್ಹಾನ್ಸಿನಲ್ಲೂ ಇಲ್ಲ. ಅಲ್ಲಿಯ ಡಾಕ್ಟರು ನಮ್ಮನ್ನು ಕೂರಿಸಿಕೊಂಡು, ಇದು ಇಳಿಯುವ ದಾರಿ, ಇಳಿಯುವುದನ್ನು ನಿಧಾನ ಮಾಡಬಹುದು ಅಷ್ಟೇ ಎಂದು ಹೇಳಿ ಸ್ಟಿರಾಯ್ಡ್ ಬರೆದುಕೊಟ್ಟರು. ತಾವೊಬ್ಬರೇ ಕೈಬಿಡದೆ ಸರ್ಟಿಫಿಕೇಟಿಗೆ ಐದು ವರ್ಷದ ಗಡುವು ಹಾಕಿ ಕಳಿಸಿದಿರಿ.

ಗಡುವಿಗೆ ಕಾನೂನಿನ ಆಧಾರವೂ ಇದೆಯಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯ ಹೆಸರೂ ಇದೆ. ಮರುವರ್ಷದ ನಿಯಮಗಳ ಪ್ರಕಾರ ವೈಕಲ್ಯದ ಪ್ರಮಾಣ ಬದಲಾಗುವ ಸಂಭವವಿದ್ದರೆ ಗಡುವು, ಇಲ್ಲದಿದ್ದರೆ ಕಾಯಂ. ತಾವು "ಸಂಭವವಿದೆ" ಅಂದಿರಿ. ತಮ್ಮ ದೂರದೃಷ್ಟಿ ದೊಡ್ಡದು, ಖಂಡಿತ ಬದಲಾಗಿದೆ. ಆಗ ಲೋಟ ಎತ್ತಿ ತಾನೇ ಕುಡಿಯುತ್ತಿದ್ದ, ಈಗ ಸ್ಟ್ರಾ ಬೇಕು. ಆಗ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ, ಈಗ ಗಾಲಿಕುರ್ಚಿ. ರಾತ್ರಿ ಮೂಗಿಗೆ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ. ನಿದ್ದೆಯಲ್ಲಿ ಮಗ್ಗುಲು ಬದಲಿಸುವುದಕ್ಕೂ "ಅಮ್ಮಾ" ಎಂದು ಕರೆಯಬೇಕು, ನಾನೋ ಅವರಪ್ಪನೋ ಎದ್ದು ಹೊರಳಿಸಬೇಕು. ಇಷ್ಟೆಲ್ಲ ಬದಲಾವಣೆ ಆಗಿದೆ. ತಾವು ಕಾದಿದ್ದ ದಿಕ್ಕಿಗೆ ಆಗಿಲ್ಲ, ಅದಕ್ಕೇ ಮೊದಲೇ ಕ್ಷಮೆ ಕೇಳಿದೆ.

ಗುಟ್ಟಾಗಿ ಅಮೆರಿಕದ ಔಷಧ ಕೊಡಿಸಿದ್ದೇವೆ ಎಂಬ ಅನುಮಾನವೇನಾದರೂ ಇದೆಯೇ? 2023ರಲ್ಲಿ ಅಲ್ಲೊಂದು ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಒಂದು ಸಲದ ಬೆಲೆ 32 ಲಕ್ಷ. ರೂಪಾಯಿ ಅಲ್ಲ ಸ್ವಾಮಿ, ಡಾಲರ್. ಅಷ್ಟು ಕೊಟ್ಟರೂ ಕಾಯಿಲೆ ವಾಸಿಯಾಗುವುದಿಲ್ಲ. ಅದನ್ನು ಪಡೆದ, ನಡೆಯಲಾಗದ ಇಬ್ಬರು ಹುಡುಗರು ಲಿವರ್ ಕೈಕೊಟ್ಟು ತೀರಿಕೊಂಡ ಮೇಲೆ, 2025ರಲ್ಲಿ ನಡೆಯಲಾಗದವರಿಗೆ ಅದನ್ನು ಕಳಿಸುವುದನ್ನು ಕಂಪನಿಯೇ ನಿಲ್ಲಿಸಿತು. ನಮ್ಮ ಮನೆಯಲ್ಲಿರುವುದು ಸ್ಟಿರಾಯ್ಡ್, ಕ್ಯಾಲ್ಸಿಯಂ ಮಾತ್ರೆ, ಆಮೇಲೆ ಅವನ ಅಜ್ಜಿ ತರಿಸುವ ಒಂದು ಎಣ್ಣೆ. ಅಜ್ಜಿಯೂ ತಮ್ಮಂತೆಯೇ ಆಶಾವಾದಿ. ಆದರೆ ಆಕೆ ಅವನನ್ನು ಮೆಟ್ಟಿಲು ಹತ್ತಿಸುವುದಿಲ್ಲ.

ಈಗ ಮೆಟ್ಟಿಲ ವಿಷಯ. ರ್‍ಯಾಂಪ್ ಇದೆ ಎಂದು ತಮ್ಮ ಸಿಬ್ಬಂದಿ ತೋರಿಸಿದರು. ಇದೆ, ಅದರ ಮೇಲೆ ಬೈಕುಗಳಿವೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬಿಡಬೇಕೆಂಬುದು ಸರ್ಕಾರದ್ದೇ ಮಾನದಂಡ, ತಮ್ಮದು ಜಾರುಬಂಡೆ. ಅದೂ ನೆಲದಿಂದ ವರಾಂಡಕ್ಕೆ ಮುಗಿಯುತ್ತದೆ, ಮಂಡಳಿ ಕೂರುವುದು ಮಹಡಿಯ ಮೇಲೆ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಸುಗಮ್ಯ ಭಾರತ ಅಭಿಯಾನ ಬಹುಶಃ ತಮ್ಮ ಲಿಫ್ಟಿಗಾಗಿ ಕೆಳಗೆ ನಿಂತಿದೆ.

ಕೊನೆಗೆ ಅವರಪ್ಪ, ಆಟೋದವರು, ಸೆಕ್ಯುರಿಟಿಯವರು ಸೇರಿ ಕುರ್ಚಿಸಮೇತ ಎತ್ತಿದರು. ಸೆಕ್ಯುರಿಟಿಯವರು ಒಳ್ಳೆಯ ಮನಸ್ಸಿನಿಂದಲೇ ಕಂಕುಳಿಗೆ ಕೈ ಹಾಕಿದರು. ಹಾಗೆ ಎತ್ತಬಾರದು, ಭುಜದಲ್ಲಿ ಬಲವಿಲ್ಲದ ಮಕ್ಕಳು ಕೈಯಿಂದ ಜಾರಿಬಿಡುತ್ತಾರೆ. ಸ್ಟಿರಾಯ್ಡಿನಿಂದ ಮೂಳೆ ಬೇರೆ ಟೊಳ್ಳು, ಬಿದ್ದರೆ ತೊಡೆ ಮೂಳೆ ಮುರಿಯುವುದಕ್ಕೆ ಹೊತ್ತು ಬೇಡ. ನಾನು ಕಿರುಚಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ವಯಸ್ಸು ಹದಿನೇಳು. ಮೀಸೆ ಮೂಡಿದೆ. ಟಿ-ಶರ್ಟ್ ಮೇಲೆ ಸರಿದು ಹೊಟ್ಟೆ ಕಾಣುತ್ತಿತ್ತು, ಎಳೆದುಕೊಳ್ಳಲು ಅವನ ಕೈ ಏಳುವುದಿಲ್ಲ. ಅದೇ ಸಾಲಿನಲ್ಲಿ ಅವನ ವಯಸ್ಸಿನ ಹುಡುಗಿಯೊಬ್ಬಳಿದ್ದಳು. ಇದನ್ನು ನಮೂದಿಸಲು ತಮ್ಮ ಅರ್ಜಿಯಲ್ಲಿ ಅಂಕಣವಿಲ್ಲ.

ಬೆಳಗ್ಗೆಯಿಂದ ಅವನು ನೀರು ಕುಡಿದಿರಲಿಲ್ಲ. ಎಲ್ಲಿಗೆ ಹೊರಟರೂ ಕುಡಿಯುವುದಿಲ್ಲ. ತಮ್ಮ ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯುವುದಿಲ್ಲ ಎಂದು ಹೋದ ಸಲವೇ ನೋಡಿಕೊಂಡಿದ್ದ. ಹನ್ನೆರಡರ ವಯಸ್ಸಿನಲ್ಲಿ ನೋಡಿದ್ದನ್ನು ಹದಿನೇಳರವರೆಗೂ ನೆನಪಿಟ್ಟಿದ್ದಾನೆ. ಅಪ್ಪನೊಬ್ಬನನ್ನು ಬಿಟ್ಟು ಯಾರನ್ನೂ, ನನ್ನನ್ನೂ, ಆ ಕೆಲಸಕ್ಕೆ ಈಗ ಹತ್ತಿರ ಸೇರಿಸುವುದಿಲ್ಲ. ಸೇರಿಸಬಾರದು ಕೂಡ. ಬಾಗಿಲು ಹಾಕಿಕೊಂಡು ಒಬ್ಬನೇ ಇರಬೇಕು ಅನ್ನಿಸುವ ವಯಸ್ಸು, ಬಾಗಿಲು ಹಾಕಲು ಮಾತ್ರ ಇನ್ನೊಬ್ಬರು ಬೇಕು. ಅಂಥವನನ್ನು ಮಧ್ಯಾಹ್ನ ಮೂರರವರೆಗೆ ಒಣ ಗಂಟಲಲ್ಲಿ ಕೂರಿಸಿ, ಸರ್ವರ್ ಇಲ್ಲ, ಮೂಳೆ ಡಾಕ್ಟರು ಕ್ಯಾಂಪಿಗೆ ಹೋಗಿದ್ದಾರೆ ಅಂದಿರಿ. ಬೆಳಗ್ಗೆಯೇ ಹೇಳಲು ಏನಾಗಿತ್ತು? ಫೋನ್ ನಂಬರ್ ಬರೆಸಿಕೊಂಡದ್ದು ಯಾತಕ್ಕೆ?

ತಮ್ಮ ಸಿಬ್ಬಂದಿ ನನ್ನನ್ನು ಕೇಳಿದರು: "ಇವನಿಗೆ ಮಾತು ಬರುತ್ತಾ?" ದ್ವಿತೀಯ ಪಿಯು ವಿಜ್ಞಾನ ಓದುವ ಹುಡುಗ. ಅವನೇ ಹೇಳಿದ, "ಬರುತ್ತೆ ಸಾರ್, ಸರ್ವರ್ ಬಂದ ಮೇಲೆ ಮಾತಾಡ್ತೀನಿ." ಆಮೇಲೆ ಫೋಟೋಗೆಂದು "ಸ್ವಲ್ಪ ಎದ್ದು ನಿಲ್ಲಪ್ಪ" ಅಂದರು. ತಮಾಷೆಗಲ್ಲ, ಅಭ್ಯಾಸಬಲ. ಇವನು ಕೇಳಿದ, "ನಿಂತರೆ ಸರ್ಟಿಫಿಕೇಟ್ ಕೊಡ್ತೀರಾ, ಕೂತರೆ ಕೊಡ್ತೀರಾ ಸಾರ್?" ಉತ್ತರ ಬರಲಿಲ್ಲ. ಬಹುಶಃ ಅದಕ್ಕೂ ಮೂಳೆ ಡಾಕ್ಟರೇ ಬರಬೇಕು.

ಈಗ ಅರ್ಜೆಂಟು ಯಾಕೆಂದರೆ, ಪರೀಕ್ಷೆಯಲ್ಲಿ ಬರೆಯಲು ಸಹಾಯಕ ಬೇಕು, ಸಿಇಟಿಗೆ ಅಂಗವಿಕಲರ ಕೋಟಾ ಬೇಕು. ಎರಡಕ್ಕೂ ಗಡುವು ಮುಗಿಯದ ಸರ್ಟಿಫಿಕೇಟು ಬೇಕು. ಅವನಿಗೆ ಕಂಪ್ಯೂಟರ್ ಸೈನ್ಸ್ ಓದುವ ಆಸೆ. ತಮ್ಮ ಸರ್ವರ್ ನೋಡಿದ ಮೇಲೆ ಆಸೆ ಇನ್ನೂ ಗಟ್ಟಿಯಾಗಿದೆ.

ಮುಂದಿನ ಬುಧವಾರ ನಾವು ಬರುವುದಿಲ್ಲ. ಅಂದು ಅವನಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಇದೆ. ತಾವೇ ದಯಮಾಡಿಸಿ. ನಮ್ಮದು ನೆಲಮಹಡಿ, ಬಾಗಿಲು ಅಗಲ ಮಾಡಿಸಿದ್ದೇವೆ, ತಮ್ಮ ಆಶಾವಾದವೂ ಸಲೀಸಾಗಿ ಒಳಗೆ ಬರುತ್ತದೆ. ಸಂಜೆ ನಾಲ್ಕರ ಮೇಲಾದರೆ ಕಾಫಿ ಕೊಡುತ್ತೇನೆ. ಕಾಯಂ ಸರ್ಟಿಫಿಕೇಟಿನ ಸೀಲು ಮರೆಯದೆ ತನ್ನಿ. ಪ್ರಶ್ನೆಗಳೇನಿದ್ದರೂ ಅವನನ್ನೇ ಕೇಳಿ.

ಇಂತಿ ತಮ್ಮ ವಿಶ್ವಾಸಿ,
ಗುಣವಾಗದವನ ತಾಯಿ

ವಿ.ಸೂ.: ಮಗ ಪತ್ರ ಓದಿದ. "ನನ್ನ ಕಂದ" ಎಂದಿದ್ದ ಕಡೆಯೆಲ್ಲ ಹೊಡೆದುಹಾಕಿಸಿದ. ಹಳೆಯ ಸರ್ಟಿಫಿಕೇಟಿನಲ್ಲಿ "ಎಡಗಾಲು" ಎಂದಷ್ಟೇ ನಮೂದಾಗಿದೆಯಂತೆ. ಬಲಗಾಲಿಗೆ ಏನೂ ಆಗಿಲ್ಲವೆಂದು ಮಂಡಳಿಗೆ ಮೊದಲೇ ಗೊತ್ತಿದ್ದರೆ ತನಗೂ ತಿಳಿಸಬೇಕಿತ್ತು ಅನ್ನುತ್ತಾನೆ.